ಬೆಳೆಗಾವಲಿನ ಚರಿತ್ರೆ: ಕರ್ನಾಟಕದಲ್ಲಿ ಕೃಷಿಕ ಮತ್ತು ವನ್ಯಮೃಗಗಳ ಸಂಘರ್ಷ

ಕರ್ನಾಟಕದ ಕೃಷಿಚರಿತ್ರೆಯನ್ನು ಕುರಿತ ಅಧ್ಯಯನಗಳಲ್ಲಿ ಕೆರೆ, ಕಾಲುವೆ, ಭೂದಾನ, ತೆರಿಗೆ, ಗೇಣಿ ಮೊದಲಾದ ವಿಷಯಗಳು ಪಡೆದಿರುವ ಸ್ಥಾನವನ್ನು ಬೆಳೆಗಾವಲು ಪಡೆದಿಲ್ಲ. ಉತ್ತು ಬಿತ್ತಿದ ಮೇಲೆ ತೆನೆ ಮನೆ ಸೇರುವವರೆಗಿನ ಅವಧಿಯಲ್ಲಿ ರೈತನು ಮಳೆಯನ್ನು ಎಷ್ಟು ನೆಚ್ಚಿದ್ದನೋ, ಕಾಡಿನಿಂದ ಇಳಿದು ಬರುವ ಪ್ರಾಣಿಗಳಿಗೆ ಅಷ್ಟೇ ಅಂಜಿದ್ದನು. ಹಂದಿ, ಆನೆ, ಜಿಂಕೆ, ಕೋತಿ, ಮುಳ್ಳುಹಂದಿ, ಇಲಿ, ಗಿಳಿ ಇವುಗಳಲ್ಲಿ ಒಂದಲ್ಲ ಒಂದು ನಾಡಿನ ಪ್ರತಿಯೊಂದು ಸೀಮೆಯಲ್ಲಿಯೂ ಬೆಳೆಯಲ್ಲಿ ಪಾಲು ಕೇಳುತ್ತಿತ್ತು. ರಾಜನ ಆರನೆಯ ಒಂದು ಭಾಗಕ್ಕಿಂತ ಮೊದಲು ಕಾಡಿನ ಭಾಗ ಸಲ್ಲುತ್ತಿತ್ತೆಂದರೂ ತಪ್ಪಾಗಲಾರದು. ಆದರೆ ರಾಜನ ಭಾಗಕ್ಕೆ ಲೆಕ್ಕವಿತ್ತು, ಕಡತವಿತ್ತು; ಕಾಡಿನ ಭಾಗಕ್ಕೆ ಅವೆರಡೂ ಇರಲಿಲ್ಲ. ಆದ್ದರಿಂದಲೇ ಈ ಸಂಘರ್ಷದ ಚರಿತ್ರೆಯನ್ನು ಶಾಸ್ತ್ರಗ್ರಂಥ, ಶಿಲಾಶಾಸನ, ದೈವಾರಾಧನೆ, ವಸಾಹತುಕಾಲದ ಪ್ರಾಣಿಪಟ್ಟಿ, ಕಾಯಿದೆಯ ಪಠ್ಯ ಎಂಬ ಒಂದಕ್ಕೊಂದು ಸಂಬಂಧವಿಲ್ಲದಂತೆ ತೋರುವ ಆಕರಗಳಿಂದ ಕೂಡಿಸಿಕೊಳ್ಳಬೇಕಾಗುತ್ತದೆ.

ಪ್ರಾಚೀನ ಭಾರತದ ಗಜಶಾಸ್ತ್ರ ಪರಂಪರೆಯು ತನ್ನ ಹುಟ್ಟಿಗೆ ಬೆಳೆಹಾನಿಯನ್ನೇ ಕಾರಣವಾಗಿ ಹೇಳಿಕೊಂಡಿರುವುದು ಇಲ್ಲಿ ಗಮನಾರ್ಹ. ಅಂಗದೇಶದ ಅರಸನಾದ ರೋಮಪಾದನ ರಾಜ್ಯದಲ್ಲಿ ಕಾಡಾನೆಗಳು ಪೈರನ್ನು ಹಾಳುಮಾಡಿದುವು. ಪ್ರಜೆಗಳ ಮೊರೆಯನ್ನು ಕೇಳಿ ಅರಸನು ಆನೆಗಳನ್ನು ಹಿಡಿಸಿ ಚಂಪಾನಗರಕ್ಕೆ ತರಿಸಿದನು. ಅವುಗಳ ಒಡನಾಡಿಯಾಗಿ ಕಾಡಿನಲ್ಲಿ ಬೆಳೆದಿದ್ದ ಪಾಲಕಾಪ್ಯ ಮುನಿಯು ಅವನ್ನು ಅರಸುತ್ತ ಬಂದು, ಆನೆಗಳ ರೋಗ ಮತ್ತು ಚಿಕಿತ್ಸೆಗಳನ್ನು ಅರಸನಿಗೆ ಉಪದೇಶಿಸಿದನು ಎಂಬುದು ಕಥೆ. ಇದು ಐತಿಹ್ಯವೇ ಹೊರತು ಇತಿಹಾಸವಲ್ಲ. ಆದರೂ ಆನೆಯನ್ನು ಹಿಡಿಯುವುದಕ್ಕೆ ಶಾಸ್ತ್ರಕಾರರು ಕೊಟ್ಟ ಮೊದಲ ಸಮರ್ಥನೆ ಯುದ್ಧವಲ್ಲ, ಒಕ್ಕಲಿಗನ ಹೊಲ ಎಂಬುದನ್ನು ಮರೆಯುವಂತಿಲ್ಲ. ಮುಂದಿನ ಎರಡು ಸಾವಿರ ವರ್ಷಗಳಲ್ಲಿ ಈ ಸಮರ್ಥನೆಯು ಮತ್ತೆ ಮತ್ತೆ ಮರಳಿ ಬಂದಿದೆ.

ಕೌಟಿಲ್ಯನ ಅರ್ಥಶಾಸ್ತ್ರವು ಈ ವಿಷಯದಲ್ಲಿ ಎರಡು ಬಾಯಿಯಿಂದ ಮಾತನಾಡುತ್ತದೆ. ರಾಜ್ಯಕ್ಕೆ ಒದಗುವ ದೈವಕೃತ ವಿಪತ್ತುಗಳಲ್ಲಿ ಬೆಂಕಿ, ನೆರೆ, ರೋಗ, ಬರಗಳ ಜೊತೆಗೆ ಇಲಿಗಳನ್ನೂ ಕ್ರೂರಮೃಗಗಳನ್ನೂ ಅದು ಎಣಿಸುತ್ತದೆ. ಇಲಿಯ ಹಾವಳಿಗೆ ಬೆಕ್ಕು ಮುಂಗುಸಿಗಳನ್ನು ಬಿಡಬೇಕು. ಕ್ರೂರಮೃಗಗಳಿಗೆ ವಿಷ ಬೆರೆಸಿದ ಹೆಣಗಳನ್ನು ಇಡಬೇಕು. ಮೃಗದ ಬಾಯಿಗೆ ಸಿಕ್ಕವನ ನೆರವಿಗೆ ಹೋಗದವನಿಗೆ ಹನ್ನೆರಡು ಪಣ ದಂಡ, ಮೃಗವನ್ನು ಕೊಂದವನಿಗೆ ಅಷ್ಟೇ ಮೊತ್ತದ ಬಹುಮಾನ. ಅದೇ ಗ್ರಂಥವು ಗಡಿಯಲ್ಲಿ ಆನೆಯ ಕಾಡನ್ನು ಕಾಪಾಡಬೇಕೆಂದೂ ಆನೆಯನ್ನು ಕೊಂದವನಿಗೆ ಮರಣದಂಡನೆ ವಿಧಿಸಬೇಕೆಂದೂ ಹೇಳುತ್ತದೆ. ಹುಲಿಯು ವಿಪತ್ತು, ಆನೆಯು ಸಂಪತ್ತು. ಒಂದೇ ರಾತ್ರಿಯಲ್ಲಿ ಒಂದು ಊರಿನ ಬೆಳೆಯನ್ನು ತುಳಿದುಹಾಕಬಲ್ಲ ಪ್ರಾಣಿಯನ್ನು ಮುಟ್ಟುವ ಅಧಿಕಾರ ಆ ಊರಿನವರಿಗಿಲ್ಲ ಎಂಬ ತತ್ತ್ವವು ಇಷ್ಟು ಹಳೆಯದು.

ಗಂಗರು ಮದಗಜವನ್ನು ಲಾಂಛನವಾಗಿ ಉಳ್ಳವರು. ಗಂಗರ ಎರಡನೆಯ ಶಿವಮಾರನು ಗಜಶಾಸ್ತ್ರವನ್ನು ಬಲ್ಲವನಾಗಿದ್ದನೆಂದೂ ಕನ್ನಡದಲ್ಲಿ ಗಜಾಷ್ಟಕವನ್ನು ರಚಿಸಿದನೆಂದೂ ಪ್ರಸಿದ್ಧಿಯಿದೆ. ರಾಷ್ಟ್ರಕೂಟರ ಮೂರನೆಯ ಕೃಷ್ಣನಿಗೆ ‘ವನಗಜಮಲ್ಲ’ ಎಂಬ ಬಿರುದಿತ್ತು. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಮೊದಲರ್ಧದಲ್ಲಿ ರಚಿಸಿದ ಮಾನಸೋಲ್ಲಾಸವು ಆನೆ ಹಿಡಿಯುವ ಐದು ಕ್ರಮಗಳನ್ನು ವಿವರಿಸುತ್ತದೆ. ಆವರಣವೊಂದನ್ನು ಕಟ್ಟಿ ಹಿಂಡನ್ನು ಒಳಗೆ ತಳ್ಳುವ ವಾರಿಬಂಧ, ಪಳಗಿದ ಹೆಣ್ಣಾನೆಯಿಂದ ಸೆಳೆಯುವ ವಶಾಬಂಧ ಇವೆಲ್ಲ ಅಲ್ಲಿ ಬರುತ್ತವೆ. ಈ ಅರಸರ ಗಮನವೆಲ್ಲ ಹಿಡಿದ ಆನೆಯ ಮೇಲಿದೆ. ಹಿಡಿಯದೆ ಉಳಿದ ಆನೆಯು ಕಾಡಂಚಿನ ಗದ್ದೆಯಲ್ಲಿ ಏನು ಮಾಡುತ್ತಿತ್ತು ಎಂಬುದಕ್ಕೆ ಬೇರೆ ಆಕರಗಳನ್ನೇ ನೋಡಬೇಕು.

ಅಂಥ ಆಕರಗಳಲ್ಲಿ ವೀರಗಲ್ಲುಗಳಿಗೆ ಮೊದಲ ಸ್ಥಾನ. ತುರುಗೊಳ್, ಊರಳಿವು, ಪೆಣ್ಬುಯ್ಯಲ್‌ಗಳಲ್ಲಿ ಮಡಿದವರಿಗೆ ನಿಲ್ಲಿಸಿದ ಕಲ್ಲುಗಳ ಜೊತೆಯಲ್ಲಿ ಹುಲಿಯೊಡನೆಯೂ ಹಂದಿಯೊಡನೆಯೂ ಹೋರಾಡಿ ಸತ್ತವರ ಕಲ್ಲುಗಳು ಕರ್ನಾಟಕದ ಅನೇಕ ಕಡೆಗಳಲ್ಲಿ ದೊರೆತಿವೆ. ಹಂದಿಯ ಕಲ್ಲುಗಳ ಶಿಲ್ಪವಿನ್ಯಾಸ ಸರಳವಾದುದು. ವೀರನ ಕೈಯಲ್ಲಿ ಭರ್ಜಿ ಅಥವಾ ಕತ್ತಿ. ಎದುರಿಗೆ ಕೋರೆ ಮುಂದೆ ಮಾಡಿದ ಹಂದಿ. ಹಲವು ಕಲ್ಲುಗಳಲ್ಲಿ ಹಂದಿಯ ಹಿಂದೆಯೋ ಮುಂದೆಯೋ ಒಂದೆರಡು ನಾಯಿಗಳು. ಮೇಲಿನ ಪಟ್ಟಿಕೆಯಲ್ಲಿ ಅಪ್ಸರೆಯರು ವೀರನನ್ನು ಒಯ್ಯುತ್ತಾರೆ. ಯುದ್ಧದಲ್ಲಿ ಸತ್ತವನಿಗೂ ಹಂದಿಯ ಕೋರೆಗೆ ಸಿಕ್ಕಿ ಸತ್ತವನಿಗೂ ಸ್ವರ್ಗ ಒಂದೇ ಆಗಿತ್ತು.

ಈ ವರ್ಗದ ಶಿಲೆಗಳಲ್ಲಿ ಹೆಚ್ಚು ಪ್ರಖ್ಯಾತವಾದುದು ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ. ಶಕ 872, ಎಂದರೆ ಕ್ರಿ.ಶ. 949–50ರ ಈ ಶಿಲೆಯು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ರಾಜಕೀಯ ಚರಿತ್ರಕಾರರು ಇದನ್ನು ಮೂರನೆಯ ಕೃಷ್ಣನು ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಸೋಲಿಸಿದ ಯುದ್ಧದ ಆಧಾರವಾಗಿ, ಗಂಗ ಬೂತುಗನು ರಾಜಾದಿತ್ಯನನ್ನು ಕೊಂದ ವಿವರಕ್ಕಾಗಿ ಬಳಸುತ್ತಾರೆ. ಆದರೆ ಕಲ್ಲನ್ನು ನಿಲ್ಲಿಸಿದ್ದು ಅರಸರಿಗಾಗಿ ಅಲ್ಲ, ಒಂದು ನಾಯಿಗಾಗಿ. ಬೂತುಗನ ಸೇವಕನಾದ ಮಣಲೆರನು ಯುದ್ಧದಲ್ಲಿ ಮೆರೆದ ಪರಾಕ್ರಮಕ್ಕೆ ಒಡೆಯನು ಮೆಚ್ಚಿ ಬೇಕಾದುದನ್ನು ಕೇಳೆಂದಾಗ, ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಕೆಳಲೆನಾಡಿನ ಬೆಳತೂರಿನ ಪಡುವಣ ಮೊರಡಿಯಲ್ಲಿ ಆ ನಾಯಿಯನ್ನು ದೊಡ್ಡ ಹಂದಿಯೊಂದರ ಮೇಲೆ ಬಿಟ್ಟಾಗ ಹಂದಿಯೂ ನಾಯಿಯೂ ಒಟ್ಟಿಗೆ ಸತ್ತುವು. ಮಣಲೆರನು ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲನ್ನು ನೆಡಿಸಿ, ಅದರ ಪೂಜೆಗೆ ಎರಡು ಕಂಡುಗ ಮಣ್ಣನ್ನು ಬಿಟ್ಟನು. ಪೂಜೆಯನ್ನು ಮಾಡದೆ ಆ ಭೂಮಿಯ ಫಲವನ್ನು ಉಣ್ಣುವ ಗೊರವನಿಗೆ ನಾಯಿಗೈದ ಪಾಪ ತಟ್ಟಲೆಂಬ ಶಾಪವೂ ಶಾಸನದಲ್ಲಿದೆ. ಶಿಲ್ಪಪಟ್ಟಿಕೆಯಲ್ಲಿ ನಾಯಿ ಮತ್ತು ಹಂದಿ ಎದುರುಬದುರಾಗಿ ಸೆಣಸುತ್ತಿವೆ.

ಈ ಶಾಸನವನ್ನು ಬೆಳೆರಕ್ಷಣೆಯ ದಾಖಲೆಯೆಂದು ನೇರವಾಗಿ ಹೇಳುವುದು ಅವಸರದ ಮಾತಾದೀತು. ಬೆಳತೂರಿನ ಮೊರಡಿಯ ಹಂದಿಯು ಯಾರ ಹೊಲವನ್ನು ಅಗೆದಿತ್ತೆಂದು ಅದು ಹೇಳುವುದಿಲ್ಲ; ಸಾಮಂತರಿಗೆ ಬೇಟೆಯು ವಿನೋದವೂ ಪ್ರತಿಷ್ಠೆಯೂ ಆಗಿತ್ತು. ಹಂದಿಬೇಟೆಯ ಬಹುಪಾಲು ವೀರಗಲ್ಲುಗಳ ಸ್ಥಿತಿಯೂ ಇದೇ. ಹಂದಿಯನ್ನು ಇರಿದು ಸತ್ತನೆಂಬ ಮಾತು ಇದೆಯೇ ಹೊರತು ಏಕೆ ಇರಿದನೆಂಬುದಿಲ್ಲ. ಆದರೆ ಎರಡು ಸಂಗತಿಗಳನ್ನು ಲಕ್ಷಿಸಬೇಕು. ಮೊದಲನೆಯದು, ಈ ಕಲ್ಲುಗಳಲ್ಲಿ ಎಷ್ಟೋ ಕಲ್ಲುಗಳ ವೀರರು ಯಾವ ಬಿರುದೂ ಇಲ್ಲದ ಹಳ್ಳಿಯ ಜನ. ವಿನೋದಕ್ಕಾಗಿ ಹಂದಿಯ ಎದುರು ಕಾಲ್ನಡೆಯಲ್ಲಿ ನಿಲ್ಲುವ ಬಿಡುವು ಅವರಿಗಿದ್ದಿರಲಾರದು. ಎರಡನೆಯದು, ಕಲ್ಲನ್ನು ನಿಲ್ಲಿಸುವುದಕ್ಕೂ ನೆತ್ತರುಕೊಡಗೆಯಾಗಿ ಭೂಮಿಯನ್ನು ಬಿಡುವುದಕ್ಕೂ ಊರಿನ ಒಪ್ಪಿಗೆ ಬೇಕಿತ್ತು. ತನಗೆ ಉಪಕಾರವಾಗದ ಸಾವಿಗೆ ಊರು ಭೂಮಿಯನ್ನು ಕೊಡುವುದು ಅಪರೂಪ. ಹಂದಿಯನ್ನು ಕೊಂದವನು ಊರಿನ ಗದ್ದೆಗಳನ್ನೆಲ್ಲ ಉಳಿಸಿದವನು ಎಂಬ ಭಾವನೆ ಈ ಗೌರವದ ಹಿಂದೆ ಇದ್ದಿರಬೇಕೆಂದು ಊಹಿಸುವುದಕ್ಕೆ ಇಷ್ಟು ಆಧಾರ ಸಾಕು.

ಕಲ್ಲಿನ ಮೇಲೆ ಬಂದುದು ಸಾವು ಮಾತ್ರ. ಸಾಯದೆ ಕಳೆದ ರಾತ್ರಿಗಳ ಚರಿತ್ರೆ ಜನರ ಉಪಕರಣಗಳಲ್ಲಿ ಉಳಿದಿದೆ. ಬಯಲುಸೀಮೆಯಲ್ಲಿ ಜೋಳದ ಹೊಲದ ನಡುವೆ ಅಟ್ಟಣೆ, ಹಕ್ಕಿಗಳಿಗೆ ಕವಣೆ, ಬೆದರುಬೊಂಬೆ. ಮಲೆನಾಡಿನಲ್ಲಿ ಗದ್ದೆಯ ಅಂಚಿನ ಮಾಳ, ತೋಟದ ಸುತ್ತ ಅಗಳು, ಮುಳ್ಳುಬೇಲಿ, ಉರುಳು, ಹೊಂಡ. ಮಾಳವೆಂದರೆ ನಾಲ್ಕು ಕಂಬಗಳ ಮೇಲೆ ಎತ್ತಿ ಕಟ್ಟಿದ ಸಣ್ಣ ಹುಲ್ಲಿನ ಗುಡಿಸಲು. ಬತ್ತ ಹಾಲುತುಂಬುವ ಕಾಲದಿಂದ ಕೊಯ್ಲಿನವರೆಗೆ ಅಲ್ಲಿ ಬೆಂಕಿ ಹಾಕಿಕೊಂಡು, ತಮಟೆಯನ್ನೋ ಡಬ್ಬವನ್ನೋ ಬಡಿಯುತ್ತ, ಕೂಗುಹಾಕುತ್ತ ಒಬ್ಬನು ರಾತ್ರಿ ಕಳೆಯಬೇಕು. ಒಂದು ಮಾಳದ ಕೂಗಿಗೆ ಇನ್ನೊಂದು ಮಾಳದಿಂದ ಮರುಕೂಗು ಬರುತ್ತಿತ್ತು. ಕಾವಲುಗಾರನು ನಿದ್ದೆಹೋಗಿಲ್ಲವೆಂಬುದಕ್ಕೆ ಅದೇ ಹಾಜರಿ. ಹಾವಳಿ ಮಿತಿಮೀರಿದಾಗ ಊರವರು ಕೂಡಿ ಹಳು ನುಗ್ಗಿ ಹಂದಿಯನ್ನು ಎಬ್ಬಿಸಿ ಬೇಟೆಯಾಡುತ್ತಿದ್ದರು. ಕುವೆಂಪು ಅವರ ಕಾದಂಬರಿಗಳಲ್ಲಿಯೂ ‘ಮಲೆನಾಡಿನ ಚಿತ್ರಗಳು’ ಎಂಬ ಸಂಕಲನದಲ್ಲಿಯೂ ಬರುವ ಬೇಟೆಯ ಸನ್ನಿವೇಶಗಳನ್ನು ಸಾಹಸದ ವರ್ಣನೆಗಳೆಂದಷ್ಟೇ ಓದುವ ಅಭ್ಯಾಸವಿದೆ. ಅವು ಕೃಷಿಜೀವನದ ಒಂದು ವ್ಯವಸ್ಥೆಯ ದಾಖಲೆಗಳೂ ಹೌದು.

ಈ ವ್ಯವಸ್ಥೆಯನ್ನು ಊರಿನ ಒಗ್ಗಟ್ಟೆಂದು ಹೊಗಳುವವರು ಮಾಳದಲ್ಲಿ ಕುಳಿತವನು ಯಾರೆಂಬುದನ್ನು ಕೇಳಬೇಕು. ಭೂಮಿಯ ಒಡೆಯನು ಮಾಳದಲ್ಲಿ ಮಲಗಿದ್ದು ಕಡಿಮೆ. ಚಳಿಯಲ್ಲಿ ಕುಳಿತವರು ಜೀತದಾಳುಗಳು, ಒಕ್ಕಲುಗಳು. ಕಾಡಂಚಿನ ಸೀಮೆಗಳಲ್ಲಿ ಕಾಡಿನ ಜಾಡು ಬಲ್ಲ ಕುರುಬರು, ಸೋಲಿಗರು, ಎರವರು. ಹೊಲ ಒಬ್ಬನದು, ಎಚ್ಚರ ಇನ್ನೊಬ್ಬನದು. ಕಾಡುಪ್ರಾಣಿಯ ತುಳಿತಕ್ಕೆ ಮೊದಲು ಸಿಕ್ಕುವವನು ಬೆಳೆಯಲ್ಲಿ ಕೊನೆಯ ಪಾಲಿನವನಾಗಿದ್ದನು ಎಂಬ ಸ್ಥಿತಿಯು ಇಂದಿನ ಕಾಫಿತೋಟಗಳ ಕೂಲಿಕಾರರ ಮಟ್ಟಿಗೂ ಹೆಚ್ಚು ಬದಲಾಗಿಲ್ಲ.

ತುಳುನಾಡಿನಲ್ಲಿ ಈ ಸಂಘರ್ಷವು ಆರಾಧನೆಯ ರೂಪವನ್ನು ತಾಳಿತು. ಅಲ್ಲಿನ ಪ್ರಧಾನ ದೈವಗಳಲ್ಲಿ ಒಂದಾದ ಪಂಜುರ್ಲಿಯು ಹಂದಿಯ ದೈವ. ಪಾರ್ವತಿಯು ಮುದ್ದಿನಿಂದ ಸಾಕಿದ ಹಂದಿಮರಿ ಬೆಳೆದು ಶಿವನ ತೋಟವನ್ನು ಹಾಳುಮಾಡಿತು. ಮುನಿದ ಶಿವನು ಅದನ್ನು ಭೂಲೋಕಕ್ಕೆ ಕಳುಹಿಸಿ, ಅಲ್ಲಿನ ಜನರನ್ನೂ ಬೆಳೆಯನ್ನೂ ಕಾಯುವ ಹೊಣೆಯನ್ನು ಹೊರಿಸಿದನು ಎಂಬುದು ಪಾಡ್ದನಗಳಲ್ಲಿ ಪಾಠಭೇದಗಳೊಡನೆ ಬರುವ ಕಥೆ. ಬೆಳೆಯನ್ನು ತಿಂದುದನ್ನೇ ಬೆಳೆಗೆ ಕಾವಲಿಟ್ಟ ಈ ಕಲ್ಪನೆ ಅರ್ಥಪೂರ್ಣವಾಗಿದೆ. ಹುಲಿಯನ್ನು ಪಿಲಿಚಾಮುಂಡಿಯಾಗಿ ಆರಾಧಿಸುವುದರ ಹಿಂದೆಯೂ ದನಗಳ ರಕ್ಷಣೆಯ ಆಸೆಯಿದೆ. ಹಾಗೆಂದು ಪಂಜುರ್ಲಿಗೆ ಕೋಲ ಕೊಡುವ ರೈತನು ಗದ್ದೆಗೆ ನುಗ್ಗಿದ ಹಂದಿಯನ್ನು ಹೊಡೆಯದೆ ಬಿಡುತ್ತಿದ್ದನೆಂದು ತಿಳಿಯಬಾರದು. ಆರಾಧನೆ ಬೇರೆ, ಬೇಟೆ ಬೇರೆ. ಎರಡೂ ಒಂದೇ ಮನೆಯಲ್ಲಿ ನಡೆಯುತ್ತಿದ್ದುವು. ಹಿಂದಿನವರು ಪ್ರಕೃತಿಯೊಡನೆ ಸಂಪೂರ್ಣ ಸಾಮರಸ್ಯದಿಂದ ಬಾಳಿದರೆಂದು ಇಂಥ ಆರಾಧನೆಗಳ ಆಧಾರದ ಮೇಲೆ ಹೇಳುವ ವಾಡಿಕೆಯು ಅರ್ಧ ಸತ್ಯವನ್ನಷ್ಟೇ ಹಿಡಿಯುತ್ತದೆ.

ಕೊಡಗಿನಲ್ಲಿ ಆಯುಧ ಮತ್ತು ಬೆಳೆಗಳ ನಂಟು ಹಬ್ಬದ ಪಂಚಾಂಗದಲ್ಲಿಯೇ ಸೇರಿದೆ. ಸೆಪ್ಟೆಂಬರ್ ಮೊದಲ ವಾರದಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿ, ಕತ್ತಿಗಳನ್ನು ಪೂಜಿಸುತ್ತಾರೆ. ಆ ವೇಳೆಗೆ ನಾಟಿಯ ಕೆಲಸ ಮುಗಿದಿರುತ್ತದೆ; ಮುಂದಿನ ಕೆಲಸ ಪೈರನ್ನು ಹಂದಿ ಮೊದಲಾದ ಪ್ರಾಣಿಗಳಿಂದ ಕಾಯುವುದು. ನೇಗಿಲನ್ನು ಇರಿಸಿ ಕೋವಿಯನ್ನು ಎತ್ತಿಕೊಳ್ಳುವ ಋತುಸಂಧಿಯ ಹಬ್ಬ ಅದು. 1857ರ ಬಂಡಾಯದ ನಂತರ ಬ್ರಿಟಿಷರು ದೇಶದ ಜನರನ್ನು ನಿರಾಯುಧರನ್ನಾಗಿ ಮಾಡಲು ಹೊರಟಾಗ 1861ರಲ್ಲಿ ಕೊಡವರಿಗೆ ವಿನಾಯಿತಿ ದೊರೆಯಿತು. ಅದಕ್ಕೆ ಕೊಟ್ಟ ಕಾರಣ ರಾಜನಿಷ್ಠೆಯೇ ಆಗಿದ್ದರೂ ಅದರ ಉಪಯೋಗ ಕಂಡುದು ಗದ್ದೆಯಲ್ಲಿ. ಈ ವಿನಾಯಿತಿಯನ್ನು ಕೇಂದ್ರ ಸರ್ಕಾರವು 2019ರಲ್ಲಿ ಇನ್ನೂ ಹತ್ತು ವರ್ಷಗಳಿಗೆ ಮುಂದುವರಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಉಚ್ಚ ನ್ಯಾಯಾಲಯವು 2021ರಲ್ಲಿ ತಳ್ಳಿಹಾಕಿತು.

ಹಾವಳಿಯೆಂದರೆ ದೊಡ್ಡ ಪ್ರಾಣಿಗಳದೇ ಎಂಬ ಇಂದಿನ ತಿಳಿವಳಿಕೆಯನ್ನು ಉತ್ತರ ಕರ್ನಾಟಕದ ಕಪ್ಪುಮಣ್ಣಿನ ಚರಿತ್ರೆ ತಿದ್ದುತ್ತದೆ. ಧಾರವಾಡದಲ್ಲಿ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್‌ನ ಹೆಸರು ಕನ್ನಡಿಗರಿಗೆ ಎರಡು ಕಾರಣಗಳಿಂದ ಪರಿಚಿತ. 1824ರ ಕಿತ್ತೂರಿನ ಹೋರಾಟದಲ್ಲಿ ರಾಣಿ ಚೆನ್ನಮ್ಮನ ಕಡೆಯವರಿಗೆ ಸೆರೆಸಿಕ್ಕ ಇಬ್ಬರು ಇಂಗ್ಲಿಷ್ ಅಧಿಕಾರಿಗಳಲ್ಲಿ ಅವನೊಬ್ಬ. ಕನ್ನಡ ಶಾಸನಗಳ ಪ್ರತಿಗಳನ್ನು ಮೊದಲಿಗೆ ಸಂಗ್ರಹಿಸಿದವರಲ್ಲಿಯೂ ಅವನೊಬ್ಬ. ಅವನು 1839ರಲ್ಲಿ ಪ್ರಕಟಿಸಿದ ದಕ್ಷಿಣ ಮರಾಠಾ ಪ್ರಾಂತದ ಸಸ್ತನಿಗಳ ಪಟ್ಟಿಯು ಅಷ್ಟಾಗಿ ನಮ್ಮವರ ಗಮನಕ್ಕೆ ಬಂದಿಲ್ಲ. ಆ ಪಟ್ಟಿಯಲ್ಲಿ, ಎರೆಹೊಲಗಳ ಬಿರುಕುಗಳಲ್ಲಿಯೂ ಕಲ್ಲುಗುಪ್ಪೆಗಳ ಅಡಿಯಲ್ಲಿಯೂ ವಾಸಿಸುವ ಒಂದು ಮೃದುರೋಮದ ಇಲಿಯ ವರ್ಣನೆಯಿದೆ. 1826ರಲ್ಲಿ ಮುಂಗಾರು ಕೈಕೊಟ್ಟಾಗ ಈ ಇಲಿಗಳು ಮಿತಿಮೀರಿ ಹೆಚ್ಚಿದುವು. ಬಿತ್ತಿದ ಬೀಜವನ್ನು ಬಿತ್ತಿದ ಹಾಗೆಯೇ ತಿಂದುಹಾಕಿದುವು. ಉಳಿದು ಬೆಳೆದ ಜೋಳದ ದಂಟನ್ನು ಹತ್ತಿ ತೆನೆಯನ್ನು ಕತ್ತರಿಸಿ ಕೆಡವಿದುವು. ರೈತರು ಮಣ್ಣೊಡ್ಡರನ್ನು ಗೊತ್ತುಮಾಡಿ, ಇಂತಿಷ್ಟು ಡಜನ್ ಇಲಿಗಳಿಗೆ ಒಂದು ಅಳತೆ ಕಾಳು ಎಂಬ ದರದಲ್ಲಿ ಅವನ್ನು ಕೊಲ್ಲಿಸಿದರು. ಸಾವಿರಗಟ್ಟಲೆ ಕೊಂದರೂ ಸಂಖ್ಯೆ ತಗ್ಗಿದಂತೆ ಕಾಣಲಿಲ್ಲವೆಂದು ಎಲಿಯಟ್ ಬರೆಯುತ್ತಾನೆ.

ಮಳೆ ಸಾಲದ ವರ್ಷದಲ್ಲಿಯೇ ಇಲಿ ಏಕೆ ಹೆಚ್ಚಬೇಕು ಎಂಬ ಪ್ರಶ್ನೆಗೆ ಎರೆಮಣ್ಣಿನ ಸ್ವಭಾವ ಉತ್ತರ ಕೊಡುತ್ತದೆ. ಬಲವಾದ ಮಳೆಯಲ್ಲಿ ಎರೆಯ ಬಿರುಕುಗಳು ಮುಚ್ಚಿಕೊಂಡು, ಬಿಲಗಳಿಗೆ ನೀರು ನುಗ್ಗಿ, ಇಲಿಗಳಲ್ಲಿ ಬಹುಭಾಗ ಸಾಯುತ್ತವೆ. ಮಳೆ ಕಡಿಮೆಯಾದರೆ ಬಿರುಕು ತೆರೆದೇ ಇರುತ್ತದೆ, ಮರಿಗಳು ಉಳಿಯುತ್ತವೆ. ಹೀಗೆ ಬರವು ರೈತನಿಗೆ ಎರಡು ಏಟು ಕೊಡುತ್ತಿತ್ತು: ಬೆಳೆ ಕಡಿಮೆ, ತಿನ್ನುವ ಬಾಯಿ ಹೆಚ್ಚು. ಈ ಇಲಿಗೆ ಒಡ್ಡರು ಇಟ್ಟಿದ್ದ ಹೆಸರನ್ನು ಎಲಿಯಟ್ ‘ಮೆಟ್ಟಾಡೆ’ ಎಂಬಂತೆ ಬರೆದುಕೊಂಡನು. ಪ್ರಾಣಿಶಾಸ್ತ್ರದಲ್ಲಿ ಅದಕ್ಕೆ ಇಂದಿಗೂ ಸಲ್ಲುವ ‘ಮಿಲ್ಲಾರ್ಡಿಯಾ ಮೆಲ್ಟಾಡ’ ಎಂಬ ಹೆಸರಿನ ಎರಡನೆಯ ಪದ ಅದರ ರೂಪಾಂತರವೇ. ಹೊಲವನ್ನು ಉಳಿಸಲು ಕೂಲಿಗೆ ಬಂದ, ಆ ಇಲಿಯ ಮಾಂಸವನ್ನೇ ಉಣ್ಣುತ್ತಿದ್ದ ಜನರ ಮಾತು ಲ್ಯಾಟಿನ್ ಹೆಸರಿನಲ್ಲಿ ಸೇರಿಕೊಂಡಿತು. ಅವರ ದುಡಿಮೆ ಮಾತ್ರ ಕೃಷಿಯ ಚರಿತ್ರೆಯಲ್ಲಿ ಸೇರಲಿಲ್ಲ.

ದಕ್ಷಿಣದಲ್ಲಿ 19ನೆಯ ಶತಮಾನದ ಮುಖ್ಯ ಪ್ರಶ್ನೆ ಆನೆಯದು. ಮದ್ರಾಸ್ ಪ್ರಾಂತದ ಕಾಡುಜಿಲ್ಲೆಗಳಲ್ಲಿ ಕಾಡಾನೆಯನ್ನು ಕೊಂದವರಿಗೆ ಸರ್ಕಾರವೇ ಬಹುಮಾನ ಕೊಡುತ್ತಿದ್ದ ಕಾಲವಿತ್ತು. 1873ರಲ್ಲಿ ಅದೇ ಪ್ರಾಂತವು ಕಾಡಾನೆಗಳ ಸಂರಕ್ಷಣೆಗೆ ಕಾಯಿದೆ ಮಾಡಿತು. 1879ರಲ್ಲಿ ಭಾರತ ಸರ್ಕಾರದ ಆನೆಗಳ ಸಂರಕ್ಷಣಾ ಕಾಯಿದೆ ಬಂದಿತು. ಈ ಹಠಾತ್ ಪರಿವರ್ತನೆಗೆ ಭೂತದಯೆ ಕಾರಣವಲ್ಲ. ಮರ ಎಳೆಯಲು, ಸೈನ್ಯದ ಸಾಮಾನು ಹೊರಲು ಆನೆ ಬೇಕಾಗಿತ್ತು. ಆದರೂ 1879ರ ಕಾಯಿದೆಯಲ್ಲಿ ಒಂದು ಅವಕಾಶ ಉಳಿದಿತ್ತು. ಆತ್ಮರಕ್ಷಣೆಗಾಗಿ ಮಾತ್ರವಲ್ಲದೆ, ಮನೆಗಳಿಗೋ ಸಾಗುವಳಿಗೋ ಹಾನಿ ಮಾಡುತ್ತಿರುವ ಆನೆಯನ್ನು ಕೊಲ್ಲುವುದನ್ನೂ ಅದು ಅಪರಾಧವೆಂದು ಎಣಿಸಲಿಲ್ಲ.

ಮೈಸೂರಿನಲ್ಲಿ ಕಾಲುವೆಗಳ ಉಸ್ತುವಾರಿಯಲ್ಲಿದ್ದ ಜಿ.ಪಿ. ಸ್ಯಾಂಡರ್ಸನ್ ಚಾಮರಾಜನಗರದ ಸುತ್ತಲಿನ ಆನೆಗಳನ್ನು ಹಿಡಿಯುವ ಯೋಜನೆಯನ್ನು ಸರ್ಕಾರದ ಮುಂದಿಟ್ಟು, ಮೊದಲ ಯತ್ನ ವಿಫಲವಾದರೂ 1874ರಲ್ಲಿ ಹೊನ್ನುಹೊಳೆಯ ಬಳಿ ಐವತ್ತಕ್ಕೂ ಹೆಚ್ಚು ಆನೆಗಳನ್ನು ಒಮ್ಮೆಗೇ ಖೆಡ್ಡಾಕ್ಕೆ ಕೆಡವಿದನು. ನೂರು ವರ್ಷ ಹಿಂದೆ ಹೈದರಾಲಿಯು ಕಾಕನಕೋಟೆಯಲ್ಲಿ ಇಂಥದೇ ಯತ್ನವನ್ನು ಮಾಡಿ ಸೋತು, ಮುಂದೆ ಯತ್ನಿಸುವವರಿಗೆ ಶಾಪದ ಕಲ್ಲನ್ನು ನೆಡಿಸಿದ್ದನೆಂಬ ಪ್ರತೀತಿಯನ್ನೂ ಅವನೇ ದಾಖಲಿಸಿದ್ದಾನೆ. ಅವನ ಗ್ರಂಥ 1878ರಲ್ಲಿ ಪ್ರಕಟವಾಯಿತು. ಅದರಲ್ಲಿ ಬೇಟೆಯ ಬಡಾಯಿ ಸಾಕಷ್ಟಿದ್ದರೂ ಕಾಡಂಚಿನ ರೈತರ ಕಾವಲಿನ ಚಿತ್ರವೂ ಇದೆ. ಸೀಳಿದ ಬಿದಿರನ್ನು ಆಳುದ್ದಕ್ಕಿಂತ ಹೆಚ್ಚಾದ ದಪ್ಪ ಪಂಜುಗಳಾಗಿ ಕಟ್ಟಿ, ಆನೆಗಳ ಸಪ್ಪಳ ಕೇಳಿದೊಡನೆ ಒಂದು ತುದಿಗೆ ಬೆಂಕಿ ಹೊತ್ತಿಸಿ, ಅದನ್ನು ಮುಂದೆ ಮಾಡಿಕೊಂಡು ಹಿಂಡಿನತ್ತ ನಡೆಯುತ್ತಿದ್ದರು. ಬೆಂಕಿಗೆ ಆನೆ ಅಂಜುತ್ತಿತ್ತು. ಕೆಲವು ಆನೆಗಳು ಅಂಜುತ್ತಿರಲಿಲ್ಲ.

ಕಾಕನಕೋಟೆಯ ಖೆಡ್ಡಾ ಮುಂದೆ ಮೈಸೂರಿನ ರಾಜವೈಭವದ ಅಂಗವಾಯಿತು. ವೈಸರಾಯರು, ರಾಜಕುಮಾರರು ಕಬಿನಿಯ ದಡದಲ್ಲಿ ಕುಳಿತು ಹಿಂಡುಗಳು ಹೊಳೆ ದಾಟುವುದನ್ನು ನೋಡಿದರು. ಕೊನೆಯ ಖೆಡ್ಡಾ ನಡೆದುದು 1971ರಲ್ಲಿ. ಖೆಡ್ಡಾವು ಬೆಳೆರಕ್ಷಣೆಯ ಉಪಾಯವೆಂದು ಹೇಳಲ್ಪಟ್ಟರೂ ಅದರ ಕಾಲ, ಸ್ಥಳಗಳನ್ನು ನಿರ್ಧರಿಸಿದ್ದು ರೈತನ ನಷ್ಟವಲ್ಲ, ಅತಿಥಿಯ ಬರವು ಮತ್ತು ಆನೆಯ ಬೆಲೆ. ರೋಮಪಾದನ ಕಥೆಯ ಸಮರ್ಥನೆ ಇಲ್ಲಿ ಮತ್ತೊಮ್ಮೆ ಉಪಯೋಗಕ್ಕೆ ಬಂದಿತ್ತು.

ಸ್ವಾತಂತ್ರ್ಯಾನಂತರದ ಶಾಸನಗಳು ಬೆಳೆಗಾವಲಿನ ಹಕ್ಕನ್ನು ಎರಡು ಕಡೆಯಿಂದ ಮುಟ್ಟಿದುವು. 1959ರ ಶಸ್ತ್ರಾಸ್ತ್ರ ಕಾಯಿದೆಯು ಬೆಳೆರಕ್ಷಣೆಗಾಗಿ ಕೇಪಿನ ಕೋವಿಯ ಪರವಾನಗಿಯನ್ನು ಸ್ಪಷ್ಟವಾಗಿ ಒಪ್ಪಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆಯನ್ನು ನಿಷೇಧಿಸಿ, ಬೆಳೆಗೆ ಹಾನಿ ಮಾಡುವ ಪ್ರಾಣಿಗಳಲ್ಲಿ ಮೊದಲ ಅನುಸೂಚಿಗೆ ಸೇರದವನ್ನು ಮಾತ್ರ ಅಧಿಕಾರಿಯ ಲಿಖಿತ ಆದೇಶದ ಮೇರೆಗೆ ಕೊಲ್ಲಲು ಅವಕಾಶವಿಟ್ಟಿತು. ಆನೆಯು 1977ರಲ್ಲಿ ಮೊದಲ ಅನುಸೂಚಿಗೆ ಸೇರಿತು. ಹೀಗೆ ಮಲೆನಾಡಿನ ರೈತನ ಮನೆಯಲ್ಲಿ ಬೆಳೆರಕ್ಷಣೆಗೆಂದು ಕೊಟ್ಟ ಕೋವಿ ಇದೆ. ಬೆಳೆಯನ್ನು ತಿನ್ನುವ ಪ್ರಾಣಿಗೆ ಅದನ್ನು ಗುರಿಮಾಡುವ ಸ್ವಾತಂತ್ರ್ಯವಿಲ್ಲ. ಚುನಾವಣೆ ಬಂದಾಗಲೆಲ್ಲ ಆ ಕೋವಿಯನ್ನೂ ಠಾಣೆಯಲ್ಲಿ ಇರಿಸಿ ಬರಬೇಕು. ಹಂದಿಗಳಿಗೆ ಚುನಾವಣೆಯ ನೀತಿಸಂಹಿತೆ ಅನ್ವಯಿಸುವುದಿಲ್ಲವೆಂಬ ಮಾತು ಅಲ್ಲಿ ವಿನೋದಕ್ಕೆ ಹುಟ್ಟಿದ್ದಲ್ಲ. ವೀರಗಲ್ಲಿನ ಕಾಲದಲ್ಲಿ ಭೂಮಿಯನ್ನು ಗಳಿಸಿಕೊಡುತ್ತಿದ್ದ ಕೃತ್ಯವು ಈಗ ಸೆರೆಮನೆಗೆ ದಾರಿಯಾಗಬಹುದು. ಇದಕ್ಕೆ ಕಾರಣವಾದ ಕಾಯಿದೆಯು ಅನಗತ್ಯವಾಗಿತ್ತೆಂದು ಹೇಳುವಂತಿಲ್ಲ. ಅದು ಬಾರದಿದ್ದರೆ ಹುಲಿ, ಆನೆಗಳ ಸಂಖ್ಯೆ ಇಂದು ಈ ಮಟ್ಟದಲ್ಲಿ ಉಳಿಯುತ್ತಿರಲಿಲ್ಲ. 2023ರ ಗಣತಿಯ ಅಂದಾಜಿನಂತೆ ಕರ್ನಾಟಕದಲ್ಲಿ 6,395 ಆನೆಗಳಿದ್ದುವು. ದೇಶದ ಯಾವ ರಾಜ್ಯದಲ್ಲಿಯೂ ಇಷ್ಟಿಲ್ಲ. ಆದರೆ ಈ ಸಾಧನೆಯ ಖರ್ಚನ್ನು ಯಾರ ಹೊಲದಿಂದ ಭರಿಸಲಾಯಿತು ಎಂಬ ಪ್ರಶ್ನೆಯನ್ನು ಕಾಯಿದೆಯು ಪರಿಹಾರಧನದ ಅರ್ಜಿನಮೂನೆಗೆ ಬಿಟ್ಟುಕೊಟ್ಟಿತು.

ಆನೆಯು ಹೊಲಕ್ಕೆ ಬರುವುದು ಕಾಡಿನಲ್ಲಿ ಮೇವಿಲ್ಲದೆ ಎಂಬುದು ಸಾಮಾನ್ಯ ನಂಬಿಕೆ. ಆರ್. ಸುಕುಮಾರ್ ಅವರು 1980ರ ದಶಕದ ಆರಂಭದಲ್ಲಿ ಚಾಮರಾಜನಗರ ಮತ್ತು ಸತ್ಯಮಂಗಲದ ಕಾಡುಗಳಲ್ಲಿ ನಡೆಸಿದ ಸಂಶೋಧನೆಯು ಇದನ್ನು ಭಾಗಶಃ ತಿದ್ದಿತು. ಅವರ ಲೆಕ್ಕದಂತೆ ಬೆಳೆದ ಗಂಡಾನೆಯೊಂದು ವರ್ಷಕ್ಕೆ ಸರಾಸರಿ 49 ರಾತ್ರಿ ಹೊಲಕ್ಕೆ ನುಗ್ಗಿದರೆ, ಹಿಂಡಿನಲ್ಲಿರುವ ಹೆಣ್ಣಾನೆ ನುಗ್ಗುವುದು 8 ರಾತ್ರಿ ಮಾತ್ರ. ಕಾಡುಹುಲ್ಲಿಗಿಂತ ರಾಗಿಯ ತೆನೆಯಲ್ಲಿ ಪೌಷ್ಟಿಕಾಂಶ ಹೆಚ್ಚು; ಮೈಬಲವನ್ನು ಬೆಳೆಸಿಕೊಂಡ ಗಂಡಿಗೆ ಸಂತಾನದ ಅವಕಾಶ ಹೆಚ್ಚು; ಆದ್ದರಿಂದ ಅಪಾಯವನ್ನು ಲೆಕ್ಕಿಸದೆ ಅದು ಹೊಲಕ್ಕೆ ಬರುತ್ತದೆ. ಅಂದರೆ ಕಾಡು ಸಮೃದ್ಧವಾಗಿದ್ದ ಕಾಲದಲ್ಲಿಯೂ ಆನೆ ಹೊಲಕ್ಕೆ ಬಂದೇ ಇರಬೇಕು. ಪಾಲಕಾಪ್ಯನ ಕಥೆಯೂ ಅದನ್ನೇ ಸೂಚಿಸುತ್ತದೆ.

ಕಾಡಿನ ನಾಶವು ಸಮಸ್ಯೆಯನ್ನು ಹುಟ್ಟಿಸದಿದ್ದರೂ ಅದರ ಸ್ವರೂಪವನ್ನು ಬದಲಿಸಿತು. ಹಾಸನ ಜಿಲ್ಲೆಯ ಆಲೂರು–ಸಕಲೇಶಪುರ ಪ್ರದೇಶ ಇದಕ್ಕೆ ನಿದರ್ಶನ. ಹೇಮಾವತಿ ಜಲಾಶಯದಿಂದ ಮುಳುಗಡೆಯಾದ ಊರುಗಳ ಜನರಿಗೆ ಅರಣ್ಯಭೂಮಿಯಲ್ಲಿ ನೆಲೆ ಕೊಡಲಾಯಿತು. ಉಳಿದ ಕಾಡು ತುಂಡಾಯಿತು. ಆನೆಗಳು ಕಾಫಿತೋಟಗಳನ್ನೇ ಹಗಲಿನ ಆಸರೆಯನ್ನಾಗಿ ಮಾಡಿಕೊಂಡುವು. ಕಾಡಿನಿಂದ ಊರಿಗೆ ಬರುವ ಆನೆಯನ್ನು ಅಟ್ಟಬಹುದು. ಊರಿನಲ್ಲಿಯೇ ಹುಟ್ಟಿ ಬೆಳೆದ ಆನೆಯನ್ನು ಎಲ್ಲಿಗೆ ಅಟ್ಟುವುದು? ಉಚ್ಚ ನ್ಯಾಯಾಲಯದ ಸೂಚನೆಯಂತೆ ರಚಿತವಾಗಿ, ಸುಕುಮಾರ್ ಅವರ ಅಧ್ಯಕ್ಷತೆಯಲ್ಲಿ 2012ರಲ್ಲಿ ವರದಿ ಕೊಟ್ಟ ಆನೆ ಕಾರ್ಯಪಡೆಯು ರಾಜ್ಯದ ಆನೆನೆಲೆಗಳನ್ನು ಸಂರಕ್ಷಣೆಯ ವಲಯ, ಸಹಬಾಳ್ವೆಯ ವಲಯ, ಆನೆಗಳನ್ನು ತೆರವು ಮಾಡಬೇಕಾದ ವಲಯ ಎಂದು ಮೂರಾಗಿ ವಿಂಗಡಿಸಿತು. ಆಲೂರು ಭಾಗವು ಮೂರನೆಯದಕ್ಕೆ ಸೇರಿತು. ಅದರಂತೆ 2014ರಲ್ಲಿ ಅಲ್ಲಿಂದ 22 ಆನೆಗಳನ್ನು ಹಿಡಿದು ಸಾಗಿಸಲಾಯಿತು. ಕೆಲವೇ ವರ್ಷಗಳಲ್ಲಿ ಬೇರೆ ಆನೆಗಳು ಆ ಜಾಗಕ್ಕೆ ಬಂದುವು.

ಮಾಳ, ಪಂಜುಗಳ ಸ್ಥಾನದಲ್ಲಿ ಈಗ ಕಂದಕ, ಸೌರವಿದ್ಯುತ್ ಬೇಲಿ, ಹಳೆಯ ರೈಲುಹಳಿಗಳ ತಡೆಗೋಡೆಗಳಿವೆ. ಕಂದಕವು ಮಳೆಗಾಲದಲ್ಲಿ ಕುಸಿಯುತ್ತದೆ. ಬೇಲಿಯ ಮೇಲೆ ಮರ ಕೆಡವುವುದನ್ನು ಆನೆಗಳು ಕಲಿತಿವೆ. ಹಳಿಯ ತಡೆಗೋಡೆ ಹೆಚ್ಚು ಬಲವಾದುದು. ಆದರೆ 2018ರ ಡಿಸೆಂಬರಿನಲ್ಲಿ ನಾಗರಹೊಳೆಯ ಅಂಚಿನಲ್ಲಿ ಅದನ್ನು ದಾಟಹೊರಟ ಗಂಡಾನೆಯೊಂದು ಸಿಕ್ಕಿಕೊಂಡು ಸತ್ತಿತು.

ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ 2023ರ ಡಿಸೆಂಬರ್ 4ರಂದು ಕಾಡಾನೆ ಹಿಡಿಯುವ ಕಾರ್ಯಾಚರಣೆಯೊಂದು ನಡೆಯಿತು. ಅದರಲ್ಲಿ ಸಲಗವೊಂದರ ತಿವಿತಕ್ಕೆ ಸಿಕ್ಕಿ ಸತ್ತದ್ದು ಇಲಾಖೆಯ ಪಳಗಿದ ಆನೆ ಅರ್ಜುನ. ಮೈಸೂರು ದಸರಾದಲ್ಲಿ ಎಂಟು ಬಾರಿ ಚಿನ್ನದ ಅಂಬಾರಿಯನ್ನು ಹೊತ್ತಿದ್ದ ಅದನ್ನು 1968ರಲ್ಲಿ ಕಾಕನಕೋಟೆಯ ಖೆಡ್ಡಾದಲ್ಲಿ ಹಿಡಿಯಲಾಗಿತ್ತು. ಅದು ಸತ್ತ ಕಾಡಿನಲ್ಲಿಯೇ ಅದನ್ನು ಮಣ್ಣುಮಾಡಿದರು. ಅಲ್ಲೊಂದು ಸ್ಮಾರಕ ನಿಲ್ಲಬೇಕೆಂಬ ಬೇಡಿಕೆಯನ್ನು ಮೊದಲಿಗೆ ಎತ್ತಿದವರಲ್ಲಿ ಸುತ್ತಲಿನ ಹಳ್ಳಿಗಳ ಜನರೂ ಇದ್ದರು.